ಕೈ ಕೊಳೆಯಾಗಲಿ, ಬಿಡಿ



ಇವತ್ತಿನ ನನ್ನ ಮಾತು ಮೂರರಿಂದ ಆರು ವರ್ಷದ ಮಕ್ಕಳನ್ನು ಕುರಿತದ್ದು. ಅಂಗನವಾಡಿಗೆ ಹೋಗುವ, ಇಲ್ಲವೇ ಎಲ್‌ಕೆಜಿ, ಯುಕೆಜಿ ಮೆಟ್ಟಿಲು ಹತ್ತುತ್ತಿರುವ ಮಕ್ಕಳು. ಈ ವಯಸ್ಸಿನ ಮಗು ಇರುವ ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತೊಂದಿದೆ. "ಮುಟ್ಟಬೇಡ, ಚೆಲ್ಲಬೇಡ, ಗಲೀಜು ಮಾಡಬೇಡ." ಅಮ್ಮ ಹೇಳುತ್ತಾಳೆ, ಅಜ್ಜಿ ಹೇಳುತ್ತಾರೆ, ಎರಡು ವರ್ಷ ದೊಡ್ಡವಳಾದ ಅಕ್ಕನೂ ತಮ್ಮನಿಗೆ ಹೇಳುತ್ತಾಳೆ. ನಾನು ಇವತ್ತು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ದಿನದಲ್ಲಿ ಒಂದು ಅರ್ಧ ಗಂಟೆ ಈ ಮಾತನ್ನು ಪಕ್ಕಕ್ಕಿಡಿ. ಆ ಹೊತ್ತು ಮಗುವಿನ ಕೈಗೆ ನೀರು, ಹಿಟ್ಟು, ಮಣ್ಣು, ಬಣ್ಣ ಕೊಡಿ. ಕಲಸಲಿ, ಸುರಿಯಲಿ, ಮೈಗೆಲ್ಲ ಮೆತ್ತಿಕೊಳ್ಳಲಿ. ವಿಜ್ಞಾನದ ಮೊದಲ ಪಾಠ ಅಲ್ಲೇ ನಡೆಯುತ್ತದೆ. ಪೆಟ್ಟಿಗೆಯಲ್ಲಿ ಬರುವ ದುಬಾರಿ ಸಾಮಾನು ಬೇಡ. ಅಡುಗೆಮನೆ, ಬಚ್ಚಲು, ಹಿತ್ತಲು ಸಾಕು.

ಒಂದು ಆಟವನ್ನು ನೀವು ಕೂತಲ್ಲಿಂದಲೇ ಕಾಣುವ ಹಾಗೆ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಲ್ಕು ವರ್ಷದ ಹುಡುಗಿ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಅವಳ ಮುಂದೆ ಹಳೆಯ ಬಿಳಿ ಪಂಚೆಯ ಒಂದು ತುಂಡು. ಬಟ್ಟಲಲ್ಲಿ ಒಂದು ಚಮಚ ಅರಿಶಿನಪುಡಿ, ಸ್ವಲ್ಪ ನೀರು. ಅವಳು ಬೆರಳಿನಿಂದ ಕಲಸಿದಳು. ಅಂಗೈಗೆ ತೆಗೆದುಕೊಂಡು ಬಟ್ಟೆಗೆಲ್ಲ ಬಳಿದಳು. ಬಟ್ಟೆ ಹಳದಿ, ಕೈ ಹಳದಿ, ಮೂಗಿನ ತುದಿಯೂ ಹಳದಿ. ಅವಳ ಅಜ್ಜಿ ಬಟ್ಟೆಯನ್ನು ಬಿಸಿಲಿಗೆ ಹರವಿದರು. ಒಣಗಿದ ಮೇಲೆ ಮಗುವಿನ ಕೈಗೆ ಒಂದು ಚೂರು ಬಟ್ಟೆ ಸೋಪು ಕೊಟ್ಟು ಸುಮ್ಮನೆ ಕೂತರು.

ಹುಡುಗಿ ಸೋಪನ್ನು ನೀರಿನಲ್ಲಿ ಅದ್ದಿ ಬಟ್ಟೆಯ ಮೇಲೆ ಒಂದು ಗೀಟು ಎಳೆದಳು. ಗೀಟು ಕೆಂಪಗೆ ಎದ್ದಿತು. ಅವಳು ಸೋಪನ್ನು ತಿರುಗಿಸಿ ನೋಡಿದಳು. ಸೋಪು ಬೆಳ್ಳಗೇ ಇದೆ. ಇನ್ನೊಂದು ಗೀಟು ಎಳೆದಳು. ಅದೂ ಕೆಂಪು. "ಅಜ್ಜೀ, ಸೋಪಿನೊಳಗೆ ಕೆಂಪು ಬಚ್ಚಿಟ್ಟುಕೊಂಡಿದೆ!" ಅಂದಳು. ಅಜ್ಜಿ, "ಹೌದಾ? ಎಲ್ಲಿದೆ, ಹುಡುಕು ಮತ್ತೆ" ಅಂದರು. ಮಗು ಸೋಪನ್ನು ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿದಳು. ಒಳಗೂ ಬಿಳಿ. ಆಮೇಲೆ ಸುಮಾರು ಹೊತ್ತು ಅವಳು ಮಾತಾಡಲಿಲ್ಲ. ಹಳದಿ ಅಂಗೈಗೆ ಸೋಪು ಉಜ್ಜಿದಳು, ಅಂಗೈ ಕೆಂಪಾಯಿತು. ನೆಲದ ಮೇಲೆ ಉಜ್ಜಿದಳು, ನೆಲ ಕೆಂಪಾಗಲಿಲ್ಲ. "ಹಳದಿ ಇದ್ದ ಕಡೆ ಮಾತ್ರ ಆಗುತ್ತೆ" ಅಂತ ತನಗೆ ತಾನೇ ಹೇಳಿಕೊಂಡಳು.

ಕೇಳುಗರೇ, ಅಲ್ಲಿ ಏನೇನು ನಡೆಯಿತು, ಗಮನಿಸಿ. ಮಗುವಿಗೆ ಒಂದು ಅಚ್ಚರಿ ಎದುರಾಯಿತು. ಅದಕ್ಕೆ ಅವಳು ಒಂದು ಕಾರಣ ಊಹಿಸಿದಳು. ಆ ಊಹೆ ಸರಿಯೋ ತಪ್ಪೋ ಅಂತ ಸೋಪನ್ನು ಒಡೆದು ಪರೀಕ್ಷಿಸಿದಳು. ತಪ್ಪೆಂದು ಕಂಡಾಗ ಬೇರೆ ಬೇರೆ ಕಡೆ ಉಜ್ಜಿ ನೋಡಿದಳು. ವಿಜ್ಞಾನಿಗಳು ಮಾಡುವ ಕೆಲಸವೂ ಇದೇ. ನಾಲ್ಕು ವರ್ಷದ ಮಗು ಯಾರೂ ಹೇಳಿಕೊಡದೆ ಅದನ್ನು ಮಾಡಿತು. ಕೈಗೆ ಅರಿಶಿನ ಸಿಕ್ಕಿದ್ದರಿಂದ ಮಾಡಿತು. ಅಜ್ಜಿ ಉತ್ತರ ಹೇಳದೆ ಇದ್ದದ್ದರಿಂದ ಮಾಡಿತು.

ದೊಡ್ಡವರಿಗಾಗಿ ಕಾರಣ ಹೇಳುತ್ತೇನೆ. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತುವಿದೆ. ಕ್ಷಾರ ತಗುಲಿದರೆ ಅದು ಕೆಂಪಿಗೆ ತಿರುಗುತ್ತದೆ. ಹುಳಿ ತಗುಲಿದರೆ ಮತ್ತೆ ಹಳದಿಗೆ ಮರಳುತ್ತದೆ. ಬಟ್ಟೆ ಸೋಪು, ಒಲೆಯ ಬೂದಿ, ಸುಣ್ಣ ಇವೆಲ್ಲ ಕ್ಷಾರ. ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದ ಕೂಡಲೇ ಕಲೆ ಕೆಂಪಾಗುವುದನ್ನು ಬಟ್ಟೆ ಒಗೆಯುವವರೆಲ್ಲ ಕಂಡಿರುತ್ತಾರೆ. ಆರತಿ ತಟ್ಟೆಯ ಓಕುಳಿ ನೀರಿನ ಕೆಂಪು ಬಂದಿರುವುದೂ ಅರಿಶಿನಕ್ಕೆ ಸುಣ್ಣ ಸೇರಿಯೇ. ಹಳೆಯ ಪದ್ಧತಿಯಲ್ಲಿ ಕುಂಕುಮ ಮಾಡುತ್ತಿದ್ದುದೂ ಹೀಗೇ. ಹಾಗಾದರೆ ಮರುದಿನದ ಆಟ ಯಾವುದೆಂದು ನಿಮಗೆ ಹೊಳೆದಿರಬೇಕು. ಕೆಂಪು ಗೀಟಿನ ಮೇಲೆ ನಿಂಬೆಹಣ್ಣಿನ ಹೋಳಿನಿಂದ ತಿಕ್ಕಲು ಬಿಡಿ. ಹುಣಸೆ ನೀರು ಕೊಡಿ. ಉಪ್ಪುನೀರು, ಸಕ್ಕರೆ ನೀರನ್ನೂ ಕೊಡಿ. ಅವುಗಳಿಂದ ಏನೂ ಆಗುವುದಿಲ್ಲ. ಏನೂ ಆಗದೆ ಇರುವುದನ್ನು ಕಾಣುವುದೂ ಮಗುವಿಗೆ ದೊಡ್ಡ ಕಲಿಕೆ. ಅಂಗಳದಲ್ಲಿ ನೀಲಿ ಶಂಖಪುಷ್ಪದ ಬಳ್ಳಿ ಇದ್ದರೆ ಹೂವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಆರಿದ ಮೇಲೆ ಕೊಡಿ. ನಿಂಬೆರಸದ ಹನಿ ಬಿದ್ದೊಡನೆ ನೀಲಿ ನೀರು ನೇರಳೆಯಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಬಟ್ಟಲು ಅರಿಶಿನದಿಂದ ಮಗು ಏನನ್ನು ಕಲಿಯಬಹುದು ಎಂದು. ಈಗ ಒಂದು ಪ್ರಶ್ನೆ. ಇದನ್ನು ನಾವೇ ಮಾಡಿ ತೋರಿಸಿದರೆ ಸಾಲದೇ? ಮೊಬೈಲಿನಲ್ಲಿ ವಿಡಿಯೊ ಹಾಕಿ ತೋರಿಸಿದರೆ ಮನೆಯೂ ಚೊಕ್ಕಟವಾಗಿರುತ್ತದಲ್ಲ?

ಸಾಲದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಯೋಚನೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು. ಅವರ ಒಂದು ಸರಳ ಪ್ರಯೋಗವನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಅಗಲ ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಎರಡೂ ಒಂದೇ ಅಂತ ಮಗು ಒಪ್ಪುತ್ತದೆ. ಈಗ ಒಂದು ಲೋಟದ ನೀರನ್ನು ಅದರ ಕಣ್ಣೆದುರೇ ಎತ್ತರದ, ಕಿರಿದಾದ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಜಾಸ್ತಿ ಅಂತ ಕೇಳಿ. ನಾಲ್ಕೈದು ವರ್ಷದ ಬಹುಪಾಲು ಮಕ್ಕಳು ಎತ್ತರದ ಲೋಟವನ್ನು ತೋರಿಸುತ್ತಾರೆ. ನೀವು ಎಷ್ಟು ವಿವರಿಸಿದರೂ ಅವರ ಮನಸ್ಸು ಒಪ್ಪುವುದಿಲ್ಲ. ಸುಮಾರು ಏಳು ವರ್ಷದ ಹೊತ್ತಿಗೆ ಅದೇ ಮಕ್ಕಳು "ನೀರು ಅಷ್ಟೇ ಇದೆ, ಲೋಟ ಸಣ್ಣಗಿದೆ" ಅನ್ನುತ್ತಾರೆ. ನಡುವಿನ ಆ ವರ್ಷಗಳಲ್ಲಿ ವಯಸ್ಸು ತನ್ನ ಕೆಲಸ ಮಾಡುತ್ತದೆ. ಅದರ ಜೊತೆಗೆ ಮಗು ತಾನೇ ಸುರಿದು, ತುಂಬಿ, ಚೆಲ್ಲಿ ಕಂಡ ಅನುಭವವೂ ಕೂಡಿಕೊಳ್ಳುತ್ತದೆ. ಪಿಯಾಜೆ ಒತ್ತಿ ಹೇಳಿದ್ದು ಇದನ್ನೇ. ಮಗು ವಸ್ತುವಿನ ಮೇಲೆ ಕೈಯಾಡಿಸಿಯೇ ತನ್ನ ತಿಳಿವನ್ನು ಕಟ್ಟಿಕೊಳ್ಳುತ್ತದೆ.

ಹಾಗಾಗಿ ಸ್ನಾನದ ಹೊತ್ತಿನಲ್ಲಿ ಬಚ್ಚಲಿಗೆ ಒಂದು ಚೊಂಬು, ಒಂದು ಲೋಟ, ಒಂದು ಜರಡಿ, ಒಂದು ಲಾಳಿಕೆ ಇಟ್ಟುಬಿಡಿ. ಮನೆಯಲ್ಲಿ ಹಳೆಯ ಸೇರು, ಪಾವು ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಪಾವಿಗೆ ಒಂದು ಸೇರು ತುಂಬುತ್ತದೆ ಅನ್ನುವುದನ್ನು ಮಗು ಮೈ ನೆನೆಸಿಕೊಂಡೇ ಕಂಡುಹಿಡಿಯಲಿ.

ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದು, ಆಟ ಮತ್ತು ಕೈಕೆಲಸವನ್ನೇ ಕಲಿಕೆಯ ದಾರಿ ಮಾಡಿದರು. ಮಾರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿಗೆ ಬಂದು ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ನಮ್ಮ ಕಾಲದಲ್ಲಿ ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುತ್ತಾ ಬಂದಿದ್ದಾರೆ. ಇಷ್ಟೆಲ್ಲ ದೊಡ್ಡವರು ಹೇಳಿದ ಮೇಲೂ ಮೂರು ವರ್ಷದ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಅಕ್ಷರ ತಿದ್ದಿಸುವ ಆತುರ ನಮಗೆ ಹೋಗಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಗು ಕೈಯಿಂದಲೇ ಕಲಿಯುತ್ತದೆ ಎಂದು ಹೇಳಿದೆ. ಕೈಗೆ ಕೊಡಬಹುದಾದ ಇನ್ನೆರಡು ಮೂರು ವಸ್ತುಗಳನ್ನು ಈಗ ನೋಡೋಣ. ಮೊದಲು ಹಿಟ್ಟು.

ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಸಿಗುವ ಬಿಳಿ ಹಿಟ್ಟು ನಿಮಗೆ ಗೊತ್ತು. ಎರಡು ಲೋಟ ಹಿಟ್ಟಿಗೆ ಸುಮಾರು ಒಂದು ಲೋಟ ನೀರು ಹಾಕಿ ನಿಧಾನಕ್ಕೆ ಕಲಸಿ. ತಟ್ಟೆಯಲ್ಲಿ ಅದು ಗಟ್ಟಿ ಮಜ್ಜಿಗೆಯ ಹಾಗೆ ನಿಂತಿರುತ್ತದೆ. ಮಗು ಬೆರಳನ್ನು ಮೆಲ್ಲಗೆ ಇಳಿಸಿದರೆ ಬೆರಳು ಒಳಗೆ ಹೋಗುತ್ತದೆ. ಮುಷ್ಟಿಯಿಂದ ಗುದ್ದಿದರೆ ಮುಷ್ಟಿ ನಿಲ್ಲುತ್ತದೆ. ಕೈಗೆ ತೆಗೆದುಕೊಂಡು ಬಿಗಿಯಾಗಿ ಹಿಸುಕಿದರೆ ಗಟ್ಟಿ ಉಂಡೆ. ಬೆರಳು ಸಡಿಲಿಸಿದರೆ ಸಂದಿಯಿಂದ ಸೋರಿ ಮೊಣಕೈವರೆಗೂ ಹರಿಯುತ್ತದೆ. ಹಿಟ್ಟಿನ ಕಣಗಳು ನೀರಿನಲ್ಲಿ ಒತ್ತೊತ್ತಾಗಿ ತೇಲುತ್ತಿರುತ್ತವೆ. ಮೆಲ್ಲಗೆ ಸರಿಸಿದರೆ ಒಂದಕ್ಕೊಂದು ದಾರಿ ಬಿಡುತ್ತವೆ. ತಟ್ಟನೆ ಒತ್ತಿದರೆ ಒಂದಕ್ಕೊಂದು ತಗುಲಿ ಸಿಕ್ಕಿಹಾಕಿಕೊಳ್ಳುತ್ತವೆ. ಇದನ್ನು ಮಗುವಿಗೆ ಹೇಳಬೇಕಾಗಿಲ್ಲ. ಇದೇ ರೀತಿ ರಾಗಿ ಹಿಟ್ಟನ್ನೂ ಗೋಧಿ ಹಿಟ್ಟನ್ನೂ ಇನ್ನೆರಡು ತಟ್ಟೆಯಲ್ಲಿ ಕಲಸಿಡಿ. ಮೂರನ್ನೂ ಹಿಸುಕಿ ನೋಡಲಿ. ಹಿಟ್ಟು ಹಿಟ್ಟಿಗೂ ಗುಣ ಬೇರೆ ಅನ್ನುವುದು ಅಂಗೈಗೇ ತಿಳಿಯುತ್ತದೆ.

ಇಲ್ಲಿ ನಮ್ಮ ಹಿರಿಯರ ಒಂದು ಆಕ್ಷೇಪವಿದೆ. ಅನ್ನ ದೇವರು, ಅದನ್ನು ಚೆಲ್ಲಿ ಆಡಬಾರದು ಎಂದು. ಈ ಮಾತಿಗೆ ನಾನು ತಲೆಬಾಗುತ್ತೇನೆ. ಹಸಿವನ್ನು ಕಂಡ ಜನ ಹೇಳಿದ ಮಾತು ಅದು. ಆದ್ದರಿಂದ ಮುಗ್ಗಿದ ಹಿಟ್ಟು, ಡಬ್ಬದ ತಳದಲ್ಲಿ ಉಳಿದ ಹಳೆಯ ಹಿಟ್ಟು ಆಟಕ್ಕೆ ಬರಲಿ. ಅದಕ್ಕಿಂತ ಒಳ್ಳೆಯ ದಾರಿಯೂ ಇದೆ. ನಿಜವಾದ ಅಡುಗೆಯಲ್ಲೇ ಮಗುವಿಗೊಂದು ಪಾಲು ಕೊಡಿ. ಚಪಾತಿ ಹಿಟ್ಟು ನಾದಲು ಒಂದು ಮುದ್ದೆ ಕೊಡಿ. ಹೆಸರುಕಾಳನ್ನು ರಾತ್ರಿ ನೆನೆಹಾಕುವಾಗ ಜೊತೆಗಿರಲಿ. ಬೆಳಗ್ಗೆ ಉಬ್ಬಿದ ಕಾಳನ್ನು ಹಿಚುಕಿ ಸಿಪ್ಪೆ ಜಾರಿಸಿ ನೋಡಲಿ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆಗೆ ಕಾಯಲಿ. ಇಡ್ಲಿ ಹಿಟ್ಟನ್ನು ಕೈಯಿಂದ ಕಲಸಿ, ಪಾತ್ರೆಯ ಹೊರಗೆ ಅದರ ಮಟ್ಟಕ್ಕೆ ಒಂದು ಗುರುತು ಹಾಕಲಿ. ಬೆಳಗಾಗುವಷ್ಟರಲ್ಲಿ ಹಿಟ್ಟು ಗುರುತು ದಾಟಿ ಮೇಲೆ ಬಂದಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ರಾತ್ರಿಯಿಡೀ ಗಾಳಿ ಬಿಟ್ಟು ಅದನ್ನು ಉಬ್ಬಿಸಿದವು. ಮಗು ಕೇಳಿದರೆ ಇಷ್ಟು ಹೇಳಿ. ಕೇಳದಿದ್ದರೆ ಗುಳ್ಳೆ ಒಡೆಯಲು ಬಿಡಿ.

ಎರಡನೆಯದು ಕೊಬ್ಬರಿ ಎಣ್ಣೆ. ಬಯಲುಸೀಮೆಯಲ್ಲಿ, ಮಲೆನಾಡಿನಲ್ಲಿ ಚಳಿಗಾಲದ ಬೆಳಗ್ಗೆ ಎಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟಿರುತ್ತದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಹಾಗಾಗಿ ಬಿಳಿ ಉಂಡೆಯೊಂದನ್ನು ಮಗುವಿನ ಅಂಗೈಯಲ್ಲಿಟ್ಟರೆ ಅದು ಅಲ್ಲೇ ಕರಗಿ ನೀರಾಗುತ್ತದೆ. ಗಟ್ಟಿ ವಸ್ತು, ದ್ರವ ವಸ್ತು ಎಂದು ಮುಂದೆ ಪುಸ್ತಕದಲ್ಲಿ ಓದುವುದನ್ನು ಮಗು ತನ್ನ ಚರ್ಮದಲ್ಲೇ ಅರಿತಿರುತ್ತದೆ. ಎಣ್ಣೆ ಸ್ನಾನದ ದಿನ ಇದಕ್ಕೆ ಹೇಳಿ ಮಾಡಿಸಿದ್ದು.

ಮೂರನೆಯದು ಮಣ್ಣು. ಉತ್ತರ ಕರ್ನಾಟಕದ ಕೇಳುಗರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಹದವಾದ ಮಣ್ಣು ಕಲಸಿ ಎತ್ತು ಮಾಡಿ ಪೂಜಿಸುವ ನಾಡು ಅದು. ಎತ್ತಿನ ಕೋಡು ಮುರಿಯದೆ ನಿಲ್ಲಬೇಕಾದರೆ ನೀರು ಎಷ್ಟಿರಬೇಕು, ಯಾವ ಮಣ್ಣು ಒಣಗಿದಾಗ ಬಿರಿಯುತ್ತದೆ, ಇದೆಲ್ಲ ಕೈಗೆ ತಿಳಿದ ವಿಜ್ಞಾನ. ಈಗ ಪೇಟೆಯಿಂದ ಅಚ್ಚಿನ ಎತ್ತು ತರುವ ಮನೆಗಳು ಹೆಚ್ಚಿವೆ. ದಯವಿಟ್ಟು ಒಂದು ಜೊತೆಯನ್ನಾದರೂ ಮಗು ಮಾಡಲಿ. ಡೊಂಕಾದರೂ ಅದನ್ನೇ ಜಗುಲಿಯ ಮೇಲಿಟ್ಟು ಪೂಜೆ ಮಾಡಿ. ಉಳಿದ ದಿನಗಳಿಗೆ ಇನ್ನೊಂದು ಆಟ. ಪ್ಲಾಸ್ಟಿಕ್ ಬಾಟಲಿಗೆ ಒಂದು ಹಿಡಿ ಹೊಲದ ಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಮಗುವಿಗೆ ಕುಲುಕಲು ಕೊಡಿ. ನಿಲ್ಲಿಸಿದ ಕೂಡಲೇ ಮರಳು ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನಯವಾದ ಮಣ್ಣು ಪದರವಾಗಿ ಕೂರುತ್ತದೆ. ತೀರ ಸಣ್ಣ ಜೇಡಿಯ ಕಣಗಳು ಮರುದಿನವೂ ನೀರನ್ನು ಕದಡಿಟ್ಟಿರುತ್ತವೆ. ಕೆಂಪು ಮಣ್ಣಿಗೊಂದು, ಎರೆ ಮಣ್ಣಿಗೊಂದು ಬಾಟಲಿ ಮಾಡಿದರೆ ಹೋಲಿಸಲು ಬರುತ್ತದೆ.

ಬಣ್ಣ, ನೀರು, ಹಿಟ್ಟು, ಎಣ್ಣೆ, ಮಣ್ಣು ಇಷ್ಟಾಯಿತು. ಮಗುವಿನ ಕೈಗೆ ಏನು ಕೊಡಬೇಕು ಎಂದು ಹೇಳಿದ್ದಾಯಿತು. ಇನ್ನು ನಮ್ಮ ಕೆಲಸವೇನು?

ನಮ್ಮ ಕೆಲಸ ಬಹಳ ಕಷ್ಟದ್ದು. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು. ಮಗು "ಕೆಂಪು ಬಚ್ಚಿಟ್ಟುಕೊಂಡಿದೆ" ಅಂದಾಗ ತಿದ್ದಬೇಕು ಅಂತ ನಾಲಿಗೆ ಚಡಪಡಿಸುತ್ತದೆ. ತಡೆಯಿರಿ. "ಏನಾಯ್ತು?" ಅಂತ ಕೇಳಿ. "ಇನ್ನೊಂದು ಸಲ ಮಾಡಿದರೆ?" ಅಂತ ಕೇಳಿ. "ನೀರು ಜಾಸ್ತಿ ಹಾಕಿದರೆ ಏನಾಗಬಹುದು?" ಅಂತ ಕೇಳಿ. "ಯಾಕೆ ಹೀಗಾಯ್ತು, ಹೇಳು ನೋಡೋಣ" ಎಂಬ ಮೇಷ್ಟರ ಪ್ರಶ್ನೆ ಈ ವಯಸ್ಸಿಗೆ ಬೇಡ. ಅದಕ್ಕೆ ಉತ್ತರ ಬಾರದೆ ಮಗು ಆಟವನ್ನೇ ಬಿಟ್ಟೇಳುತ್ತದೆ. ಇನ್ನೊಂದು ಸಂಗತಿ. ಮಗು ಒಂದೇ ಆಟವನ್ನು ವಾರಗಟ್ಟಲೆ ಆಡುತ್ತದೆ. ದಿನಾ ಹೊಸ ಪ್ರಯೋಗ ಹುಡುಕುವ ಗೋಜು ನಿಮಗೆ ಬೇಡ. ಅದೇ ಅರಿಶಿನ, ಅದೇ ಸೋಪು ಕೇಳಿದರೆ ಅದನ್ನೇ ಕೊಡಿ. ಪ್ರತಿ ಸಲವೂ ಮಗು ಒಂದು ಸಣ್ಣ ಬದಲಾವಣೆ ಮಾಡಿ ನೋಡುತ್ತಿರುತ್ತದೆ.

ಆಟ ಮುಗಿದ ಮೇಲೆ ಗಲೀಜು ಬಳಿಯುವವರು ಯಾರು? ನ್ಯಾಯವಾದ ಪ್ರಶ್ನೆ. ಬಹಳ ಮನೆಗಳಲ್ಲಿ ಅದು ಅಮ್ಮನ ತಲೆಗೇ ಬರುತ್ತದೆ. ಅದಕ್ಕೇ ಅವಳು ಬೇಡ ಅನ್ನುತ್ತಾಳೆ. ನನ್ನ ಉತ್ತರ ಇದು. ಬಳಿಯುವುದೂ ಆಟದ ಭಾಗವಾಗಲಿ, ಮಗುವೇ ಅದರಲ್ಲಿ ಕೈಹಾಕಲಿ. ಅಪ್ಪನೂ ಜೊತೆಗೂಡಲಿ. ಒಣ ಹಿಟ್ಟನ್ನು ಪೊರಕೆ ಎತ್ತುತ್ತದೆ, ಹಸಿ ಹಿಟ್ಟು ನೆಲಕ್ಕೆ ಅಂಟುತ್ತದೆ. ಹತ್ತಿ ಬಟ್ಟೆ ನೀರನ್ನು ಹೀರುತ್ತದೆ, ಪಾಲಿಯೆಸ್ಟರ್ ಬಟ್ಟೆ ನೀರನ್ನು ಅತ್ತಿತ್ತ ತಳ್ಳುತ್ತದೆ. ಎಣ್ಣೆ ಕೈಯನ್ನು ಬರಿ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುವುದಿಲ್ಲ, ಸೀಗೆಪುಡಿಯೋ ಕಡಲೆಹಿಟ್ಟೋ ಸೋಪೋ ಬಿದ್ದರೆ ಹೋಗುತ್ತದೆ. ಇವೂ ಪ್ರಯೋಗಗಳೇ. ಒಂದು ಎಚ್ಚರ. ಕಾರ್ನ್‌ಫ್ಲೋರ್ ಕಲಸಿದ್ದನ್ನು ಬಚ್ಚಲ ಕೊಳವೆಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಒಣಗಲು ಬಿಟ್ಟು ಗುಡಿಸಿ.

ಎಚ್ಚರದ ಮಾತು ಬಂದದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಕೆಟ್ಟಿನಲ್ಲಿ, ಟಬ್ಬಿನಲ್ಲಿ ನೀರಿದ್ದಾಗ ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ. ಗೇಣುದ್ದಕ್ಕಿಂತ ಕಡಿಮೆ ನೀರೂ ಪುಟ್ಟ ಮಗುವಿನ ಪ್ರಾಣಕ್ಕೆ ಸಾಕು. ಫೋನು ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ. ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇಬಾರದು, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಸೋಪು ಸಾಕು, ಅದೂ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಪಾಯಿಖಾನೆ ತೊಳೆಯುವ ಆಮ್ಲ, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ, ನುಸಿಗುಳಿಗೆ ಇವು ಆಟದ ಹತ್ತಿರವೂ ಸುಳಿಯದಿರಲಿ. ಕಡಲೆಕಾಳು, ಶೇಂಗಾ, ಬಟಾಣಿ ಮೂಗಿಗೂ ಗಂಟಲಿಗೂ ಹೋಗುತ್ತವೆ. ಕಾಳಿನ ಆಟಕ್ಕೆ ದೊಡ್ಡವರು ಪಕ್ಕದಲ್ಲೇ ಇರಬೇಕು, ಮೂರು ತುಂಬದ ಮಗುವಿಗೆ ಅದು ಬೇಡವೇ ಬೇಡ. ಹಸಿ ಹಿಟ್ಟು ಬಾಯಿಗೆ ಹೋಗದಿರಲಿ. ಕೊನೆಗೆ ಸೋಪು ಹಾಕಿ ಕೈ ತೊಳೆಸಿ.

ಆಟ ಯಾವುದು, ನಮ್ಮ ಪಾತ್ರ ಏನು, ಎಚ್ಚರ ಯಾವುದು ಎಂದು ಹೇಳಿದ್ದಾಯಿತು. ಜಾಗದ ಮಾತೊಂದು ಉಳಿದಿದೆ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಹಿತ್ತಲು ಎಲ್ಲಿ ಬರಬೇಕು, ಅನ್ನುತ್ತೀರಿ. ಬಚ್ಚಲಿದೆ. ಸ್ನಾನಕ್ಕೆ ಮುಂಚಿನ ಅರ್ಧ ಗಂಟೆ ಇದೆ. ಹಳೆಯ ಬಟ್ಟೆ ಹಾಕಿ ಆಡಲು ಬಿಟ್ಟು, ಅಲ್ಲೇ ನೀರು ಹುಯ್ದು ಹೊರಗೆ ಕರೆತನ್ನಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಭಾನುವಾರ ಒಂದು ದಿನವಾದರೂ ಸಾಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಹುಡುಗ ಕೆಸರಲ್ಲಿ ಹೊರಳಾಡಿ ಬಂದರೆ "ಗಂಡು ಹುಡುಗ, ಇದ್ದದ್ದೇ" ಅನ್ನುತ್ತೇವೆ. ಹುಡುಗಿಯ ಫ್ರಾಕಿಗೆ ಕಲೆಯಾದರೆ ಗದರುತ್ತೇವೆ. ಮೂರು ವರ್ಷಕ್ಕೇ ಅವಳಿಗೆ "ಮುಟ್ಟಬೇಡ" ಅಂತ ಕಲಿಸಿ, ಹದಿನೈದಕ್ಕೆ "ವಿಜ್ಞಾನ ಯಾಕೆ ತಗೊಳ್ಳಲಿಲ್ಲ" ಅಂತ ಕೇಳುವುದು ಅನ್ಯಾಯ.

ಅಂಗನವಾಡಿ ಕಾರ್ಯಕರ್ತೆಯರೂ ಈಗ ನನ್ನ ಮಾತು ಕೇಳುತ್ತಿರಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆ ನಿಮ್ಮದು. ಇವತ್ತು ನಮ್ಮ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊಟ, ತೂಕ, ಚುಚ್ಚುಮದ್ದು, ದಾಖಲೆ ಎಂದು ನಿಮ್ಮ ಕೈ ತುಂಬ ಕೆಲಸವಿದೆ, ನನಗೆ ಗೊತ್ತು. ಆದರೂ ಅಂಗಳದ ಮೂಲೆಯಲ್ಲಿ ಒಂದು ಬಾಂಡಲಿ ಮಣ್ಣು, ಒಂದು ಅಗಲ ಪಾತ್ರೆಯಲ್ಲಿ ಸ್ವಲ್ಪ ನೀರು ಇಡಿ. ಮಕ್ಕಳ ತಾಯಂದಿರಿಗೂ ಈ ವಿಷಯ ತಿಳಿಸಿ. ಮನೆಯಲ್ಲಿ ಏನೂ ಇಲ್ಲದ ಮಗುವಿಗೂ ಮಣ್ಣು ನೀರು ಎಟುಕುತ್ತದೆ.

ನಾಳೆ ಬೆಳಗ್ಗೆ ಸ್ನಾನಕ್ಕೆ ಮುಂಚೆ ಒಂದು ಹಳೆಯ ಬಿಳಿ ಬಟ್ಟೆ, ಒಂದು ಚಮಚ ಅರಿಶಿನ, ಒಂದು ಚೂರು ಸೋಪು ತೆಗೆದಿಡಿ. ಮಗುವಿನ ಪಕ್ಕದಲ್ಲಿ ನೀವೂ ಕೂತು ನೋಡಿ.